ತುಂಬುರುವನ್ನು ಮುಖಾಮುಖಿ ಕರೆದದ್ದು

ನಮ್ಮೂರಲ್ಲಿ ನಾಲಿಗೆ ಹೋದ ಕಡೆ ಮೈ ಹೋಗುತ್ತದೆ. ಈ ಎನ್ನುವ ಅಕ್ಷರ ಆಡಿದರೆ ಬಾಯೊಳಗೆ ನಾಲಿಗೆ ಎದ್ದು ಹಲ್ಲಿನ ಕಡೆಗೆ ಬರುತ್ತದಲ್ಲ, ಹಾಗೇ ನಾವೂ ನೆಲ ಬಿಟ್ಟು ಮುಂದಕ್ಕೆ ಬರುತ್ತೇವೆ. ಊ ಅಂದರೆ ಅದೇ ನಾಲಿಗೆ ಬೆನ್ನುಬ್ಬಿಸಿಕೊಂಡು ಗಂಟಲಿನ ಕಡೆಗೆ ಸರಿಯುತ್ತದೆ, ನಾವೂ ಹಿಂದು ಹಿಂದಕ್ಕೆ ತೇಲುತ್ತೇವೆ. ಆ ಅಂದರೆ ನಾಲಿಗೆ ತಗ್ಗಿಗಿಳಿದು ಮಲಗುತ್ತದೆ, ಕಾಲು ನೆಲಕ್ಕೆ ತಾಗುತ್ತದೆ. ಮೆಲ್ಲಗೆ ಆಡಿದರೆ ಗೇಣುದ್ದ, ಕೂಗಿದರೆ ಮಾರುದ್ದ. ಇನ್ನು ಣ, ಳ, ಡ ಇಂಥವುಗಳಲ್ಲಿ ನಾಲಿಗೆಯ ತುದಿ ಮೇಲಕ್ಕೆ ಮಡಚಿಕೊಳ್ಳುವುದರಿಂದ ಆಡಿದವರು ನಿಂತಲ್ಲೇ ಗಿರ್ರನೆ ತಿರುಗುತ್ತಾರೆ. ಬಾಳೆಹಣ್ಣು ಮಾರುವ ಹೆಂಗಸು ಅದೇ ಹೆಸರು ಕೂಗುತ್ತಾ ಬೀದಿಯಲ್ಲಿ ಬರುವಾಗ ನೋಡಬೇಕು. ಒಂದು ಸುತ್ತು, ಇನ್ನೊಂದು ಸುತ್ತು, ಕೊನೆಗೆ ಉಕಾರಕ್ಕೆ ಸಿಕ್ಕಿ ಹಿಂದಕ್ಕೆ. ಅವಳ ಬುಟ್ಟಿಯೂ ಅವಳ ಜೊತೆ ಸುತ್ತುತ್ತದೆ, ಒಂದು ಹಣ್ಣೂ ಉದುರುವುದಿಲ್ಲ.

ಇದಕ್ಕೆಲ್ಲ ಯಾರೂ ಹೆದರುವುದಿಲ್ಲ. ಬಾಗಿಲ ಚೌಕಟ್ಟಿಗೆಲ್ಲ ಹಿತ್ತಾಳೆ ಬಳೆ ಬಡಿದಿರುತ್ತಾರೆ, ಸೊಂಟದಲ್ಲಿ ಹಗ್ಗವಿರುತ್ತದೆ, ಉದ್ದದ ಮಾತು ಬಂತು ಅಂದರೆ ಹಗ್ಗದ ತುದಿಯ ಕೊಕ್ಕೆಯನ್ನು ಬಳೆಗೆ ಸಿಕ್ಕಿಸಿಕೊಂಡು ಕೂರುವುದು. ಶಾಲೆಯ ಮಕ್ಕಳನ್ನು ಕರುಗಳ ಹಾಗೆ ಗೂಟಕ್ಕೆ ಕಟ್ಟಿರುತ್ತಾರೆ, ಮಗ್ಗಿ ಹೇಳುವ ಹೊತ್ತಿಗೆ ಇಡೀ ತರಗತಿ ಅಲೆಯ ಹಾಗೆ ಏಳುತ್ತದೆ, ಬೀಳುತ್ತದೆ. ಜಗಳವಾಡುವವರು ನೀನು ನೀನು ಅಂತ ಟಗರುಗಳ ಹಾಗೆ ಮುಂದಕ್ಕೆ ಹಾರಿ ಹಿಂದಕ್ಕೆ ಸರಿಯುತ್ತಾರೆ, ಸುಸ್ತಾದ ಮೇಲೆ ರಾಜಿ. ಇಲ್ಲ ಎನ್ನುವವರು ಮಾತ್ರ ಮುಂದಕ್ಕೆ ತೇಲಿ ಬಂದು ಕೇಳಿದವರ ಎದುರಿಗೇ ಇಳಿಯುತ್ತಾರೆ. ಅದಕ್ಕೇ ಇರಬೇಕು, ನಮ್ಮೂರಲ್ಲಿ ಇಲ್ಲ ಅನ್ನಿಸಿಕೊಂಡವರಿಗೆ ಅಷ್ಟು ನೋವಾಗುವುದಿಲ್ಲ.

ನನ್ನನ್ನು ಸಾಕಿದವಳು ಅಜ್ಜಿ. ಅಜ್ಜಿ ಕಥೆ ಹೇಳುವಾಗ ಕೊಕ್ಕೆ ಸಿಕ್ಕಿಸಿಕೊಳ್ಳುತ್ತಿರಲಿಲ್ಲ. ಕಟ್ಟಿಹಾಕಿದರೆ ಕಥೆ ಬರಲ್ಲ ಅನ್ನುತ್ತಿದ್ದಳು. ಏಳು ಸಮುದ್ರದಾಚೆಯ ರಾಜಕುಮಾರಿಯನ್ನು ಹೇಳುತ್ತಾ ಅಟ್ಟದ ಹತ್ತಿರ ಹೋಗುತ್ತಿದ್ದಳು, ರಾಕ್ಷಸನ ಭಾಗ ಬಂದಾಗ ಒಲೆಯ ಹಿಂದೆ ಇಳಿಯುತ್ತಿದ್ದಳು. ನಾನು ಅವಳ ಸೆರಗು ಹಿಡಿದುಕೊಂಡು ಮನೆಯೆಲ್ಲ ಓಡಾಡುತ್ತಾ ಕೇಳುತ್ತಿದ್ದೆ. ನನಗೆ ಕಿನ್ನರಿ ಅಂತ ಹೆಸರಿಟ್ಟದ್ದೂ ಅವಳೇ. ನಮ್ಮಲ್ಲಿ ಹೆಸರಿಡುವ ಮುಂಚೆ ಅಂಗಳದಲ್ಲಿ ಅದನ್ನು ಕೂಗಿ ನೋಡುತ್ತಾರೆ. ಕೂಗಿದವರು ಬಾವಿಯ ಕಡೆ ಹೋದರೆ ಆ ಹೆಸರು ಬೇಡ. ಕಿನ್ನರಿ ಎಂದು ಕೂಗಿದ ಅಜ್ಜಿ ಎರಡು ಸಲ ನೆಗೆದು ತೊಟ್ಟಿಲಿನ ಬಳಿಗೇ ಬಂದಳಂತೆ. ಈ ಮಗುವನ್ನು ಕರೆದವರೆಲ್ಲ ಅದರ ಹತ್ತಿರ ಬರುತ್ತಾರೆ, ಇದಕ್ಕಿಂತ ಇನ್ನೇನು ಬೇಕು ಅಂದಳಂತೆ.

ಅಜ್ಜಿಯದು ನಾಲಿಗೆಮನೆ. ಊರಲ್ಲಿ ಯಾರಾದರೂ ಹೋಗಬೇಕಾದ ಕಡೆಗೆ ಹೋಗದೆ ಬೇರೆ ಕಡೆಗೆ ಹೋಗುತ್ತಿದ್ದರೆ ನಮ್ಮಲ್ಲಿಗೆ ಬರುತ್ತಾರೆ. ಇದ್ದಿಲ ಪುಡಿಯನ್ನು ಜೇನುತುಪ್ಪದಲ್ಲಿ ಕಲಸಿ ನಾಲಿಗೆಗೆ ಬಳಿಯುತ್ತೇವೆ. ಯಾವ ಸದ್ದು ಕೈಕೊಡುತ್ತದೋ ಅದನ್ನು ಒಂದೇ ಸಲ ಆಡಿಸುತ್ತೇವೆ. ಆಮೇಲೆ ಬಾಯಿ ಅಗಲಿಸಿ ಸಣ್ಣ ಕನ್ನಡಿ ಇಳಿಸಿದರೆ ಅಂಗುಳದ ಮೇಲೆ ನಾಲಿಗೆ ಎಲ್ಲೆಲ್ಲಿ ತಾಗಿತು ಅನ್ನುವುದು ಕಪ್ಪಗೆ ಅಚ್ಚೊತ್ತಿರುತ್ತದೆ. ತ ಅಂದರೆ ಹಲ್ಲಿನ ಹಿಂದೆ ಕುದುರೆ ಲಾಳದ ಹಾಗೆ ಒಂದು ಗೆರೆ. ಈ ಅಂದರೆ ಎರಡು ಪಕ್ಕಗಳೂ ಮುಂದಿನವರೆಗೆ ಕಪ್ಪು, ನಡುವೆ ಓಣಿ. ಊ ಅಂದರೆ ಹೆಚ್ಚುಕಮ್ಮಿ ಏನೂ ಇಲ್ಲ, ನಾಲಿಗೆ ಹಿಂದೆ ಎಲ್ಲೋ ಹೋಗಿಬಿಟ್ಟಿರುತ್ತದೆ. ಅಜ್ಜಿಯ ಕಣ್ಣು ಮಂಜಾದ ಮೇಲೆ ಕನ್ನಡಿ ಹಿಡಿಯುವ ಕೆಲಸ ನನ್ನದಾಯಿತು. ಊರಿನ ಬಾಯಿಗಳನ್ನೆಲ್ಲ ನಾನು ಬಲ್ಲೆ. ಮುಖ ಮರೆತರೂ ಅಂಗುಳ ಮರೆಯುವುದಿಲ್ಲ.

ತುಂಬುರು ಬಂದದ್ದು ಬಾಗಿಲಿನಿಂದಲ್ಲ, ಕಿಟಕಿಯಿಂದ. ಹೊರಗೆ ನಿಂತು ನಮಸ್ಕಾರ ಅಂದನಂತೆ. ಸರಿಯಾದ ಸ ಆಗಿದ್ದರೆ ಗಾಳಿ ನಾಲಿಗೆಯ ನಡುವಿನ ಓಣಿಯಲ್ಲಿ ನೂಲಿನ ಹಾಗೆ ನೇರ ಹೋಗುತ್ತದೆ, ಆಡಿದವರೂ ನೇರ ಜಾರುತ್ತಾರೆ. ಅವನ ಸ ಮಾತ್ರ ಕೆನ್ನೆಯ ಪಕ್ಕದಿಂದ ಸೋರುತ್ತಿತ್ತು. ಅಡ್ಡಡ್ಡ ಜಾರಿ, ಏಡಿಯ ಹಾಗೆ, ಕಿಟಕಿಯಲ್ಲಿ ಅರ್ಧ ಒಳಗೆ ಅರ್ಧ ಹೊರಗೆ ಸಿಕ್ಕಿಕೊಂಡ. ಹಗ್ಗ ಹೊಸೆಯುವವರ ಮನೆಯವನು, ಸಂತೆಯಲ್ಲಿ ಸರಕಿನ ಬೆಲೆ ಹೇಳಹೋಗಿ ಪಕ್ಕದ ಕುಂಬಾರರ ಮಡಕೆಗಳ ಮೇಲೆ ಬಿದ್ದಿದ್ದನಂತೆ, ಅವರು ಬೈದು ಕಳಿಸಿದ್ದರಂತೆ. ಇದನ್ನೆಲ್ಲ ಕಿಟಕಿಯಲ್ಲಿ ನೇತಾಡಿಕೊಂಡೇ ವಿವರಿಸಿದ.

ನಾನು ಅವನ ನಾಲಿಗೆಗೆ ಇದ್ದಿಲು ಬಳಿದೆ. ಜೇನು ಸಿಹಿಯಿದೆ ಅಂತ ನೆಕ್ಕಿಬಿಟ್ಟ. ಮತ್ತೆ ಬಳಿದೆ, ಮತ್ತೆ ನೆಕ್ಕಿದ. ಮೂರನೆಯ ಸಲ ಅಜ್ಜಿ ಒಳಗಿನಿಂದಲೇ, ಜೇನಿನ ಗಡಿಗೆ ಖಾಲಿಯಾಗೋದರೊಳಗೆ ಆಡ್ಸೇ ಅವನನ್ನ, ಅಂದಳು. ಆಡಿಸಿದೆ, ಕನ್ನಡಿ ಇಳಿಸಿದೆ. ಆಮೇಲೆ ನಾನು ಏನು ನೋಡುತ್ತಿದ್ದೆ ಅನ್ನುವುದೇ ಮರೆತುಹೋಯಿತು. ಅಂಥ ಅಂಗುಳವನ್ನು ನಾನು ಕಂಡಿರಲಿಲ್ಲ. ಎತ್ತರದ ಕಮಾನು, ಮುಂದೆ ಅಲೆಅಲೆಯಾಗಿ ಸಣ್ಣ ಏಣುಗಳು, ಹೊಳೆ ಇಳಿದ ಮೇಲೆ ಮರಳಿನಲ್ಲಿ ಉಳಿಯುವ ಗೆರೆಗಳ ಹಾಗೆ. ನಡುವೆ ಇರಬೇಕಾದ ಓಣಿಯನ್ನು ಇದ್ದಿಲು ಪೂರ್ತಿ ಮುಚ್ಚಿತ್ತು, ಪಕ್ಕಗಳು ಮಾತ್ರ ಬೆಳ್ಳಗೆ ತೆರೆದಿದ್ದವು. ತಪ್ಪು ಎಷ್ಟು ಚೆಂದವಾಗಿತ್ತು ಅಂದರೆ ತಿದ್ದುವುದಕ್ಕೆ ಮನಸ್ಸೇ ಬರಲಿಲ್ಲ.

ಆದರೂ ತಿದ್ದಿದೆ. ನಾಲಿಗೆಯ ನಡುವೆ ಒಂದು ಹುಲ್ಲುಕಡ್ಡಿ ಇಟ್ಟು ಅದರ ಗುಂಟ ಊದಿಸಿದೆ, ಮುಂದೆ ದೀಪ ಹಿಡಿದು ಅದರ ಕುಡಿ ನೇರ ಬಾಗುತ್ತದೋ ಪಕ್ಕಕ್ಕೆ ಬಾಗುತ್ತದೋ ನೋಡಿದೆ. ಅವನು ಬೇಗ ಕಲಿತ, ಬೇಗ ಕಲಿತದ್ದನ್ನು ಬೇಗ ಮರೆತು ಮತ್ತೆ ಬಂದ. ಪೂರ್ತಿ ವಾಸಿಯಾದ ಮೇಲೂ ಬೇಕೆಂದೇ ಕಿಟಕಿಯಿಂದ ಬಂದ. ಅಜ್ಜಿ ಕೇಳಿದಳು, ಈ ಹುಡುಗನಿಗೆ ಇನ್ನೂ ಯಾವ ಅಕ್ಷರ ಬಾಕಿ ಇದೆಯಮ್ಮ ಅಂತ. ನಾನು ಉತ್ತರ ಹೇಳಲಿಲ್ಲ, ಹೇಳಿದ್ದರೆ ಎಲ್ಲಿಗೆ ಹೋಗುತ್ತಿದ್ದೆನೋ.

ಮದುವೆಯ ಮಾತು ಬಂದಾಗ ತೊಡಕಾದದ್ದು ಅವನ ಹೆಸರು. ತುಂಬುರು. ಮೂರಕ್ಕೆ ಮೂರೂ ಉಕಾರ. ಕರೆದವರು ಹಿಂದಕ್ಕೆ, ಇನ್ನೂ ಹಿಂದಕ್ಕೆ, ಮತ್ತೂ ಹಿಂದಕ್ಕೆ. ಅವನ ತಾಯಿ ದೇಮವ್ವ ಬೇಕೆಂದೇ ಇಟ್ಟ ಹೆಸರು. ಅವನಿಗಿಂತ ಮುಂಚಿನ ಇಬ್ಬರು ಮಕ್ಕಳು ಉಳಿಯಲಿಲ್ಲ. ಇವನು ಹುಟ್ಟಿದಾಗ ಅವಳು ಯೋಚಿಸಿದಳಂತೆ, ಜವರಾಯ ಬಂದರೂ ಹೆಸರು ಹಿಡಿದು ಕರೆಯಲೇಬೇಕಲ್ಲ, ಕರೆದರೆ ಅವನೇ ಹಿಂದಕ್ಕೆ ಹೋಗುವ ಹೆಸರಿಟ್ಟರೆ ಹೇಗೆ ಅಂತ. ಮಗ ಉಳಿದ. ಆದರೆ ಗೆಳೆಯರು ಆಟಕ್ಕೆ ಕರೆದರೆ ದೂರವಾದರು, ಮೇಷ್ಟ್ರು ಹಾಜರಿ ಕರೆಯುತ್ತಾ ಗೋಡೆಗೆ ಬಡಿದುಕೊಂಡರು. ದೇಮವ್ವ ಮಾತ್ರ ಮಗನಿಗೆ ಬೆನ್ನು ಮಾಡಿ ನಿಂತು ಕರೆಯುತ್ತಿದ್ದಳು, ಹಿಂದುಹಿಂದಾಗಿ ಬಂದು ಅವನ ಮಡಿಲಿಗೆ ಬೀಳುತ್ತಿದ್ದಳು. ಅವಳ ಬೆನ್ನು ತನಗೆ ಚೆನ್ನಾಗಿ ಗೊತ್ತು, ತನ್ನನ್ನು ಕರೆಯುವಾಗ ಅವಳ ಮುಖ ಹೇಗಿರುತ್ತದೋ ಗೊತ್ತಿಲ್ಲ ಅಂತ ತುಂಬುರು ಒಮ್ಮೆ ಹೇಳಿದ್ದ, ನಗುತ್ತಲೇ.

ನಮ್ಮೂರಿನ ಮದುವೆಯಲ್ಲಿ ಇರುವುದು ಒಂದೇ ಶಾಸ್ತ್ರ, ಹೆಸರು ಮುಟ್ಟಿಸುವುದು. ಬಯಲಿನಲ್ಲಿ ಗಂಡು ಹೆಣ್ಣು ಎದುರುಬದುರು ನಿಲ್ಲಬೇಕು. ಗಂಡು ಹೆಣ್ಣಿನ ಹೆಸರು ಕೂಗಬೇಕು, ಆಮೇಲೆ ಹೆಣ್ಣು ಗಂಡಿನ ಹೆಸರು. ಇಬ್ಬರೂ ಇಳಿದಲ್ಲಿಂದ ಕದಲದೆ ಕೈ ಚಾಚಿದಾಗ ಕೈಗೆ ಕೈ ಸಿಕ್ಕರೆ ಮದುವೆ ಆದಂತೆ. ಸಿಗದಿದ್ದರೆ ಆ ಜೋಡಿಯನ್ನು ಮತ್ತೆ ಎಂದೂ ನಿಲ್ಲಿಸುವುದಿಲ್ಲ. ಅಡ್ಡಹೆಸರು ಲೆಕ್ಕಕ್ಕಿಲ್ಲ, ಪಿಸುಗುಟ್ಟುವಂತಿಲ್ಲ, ಬೆನ್ನು ತಿರುಗಿಸುವಂತಿಲ್ಲ. ನೋಡಿಕೊಳ್ಳುವುದಕ್ಕೆ ಕಿವಿಯಯ್ಯ ಅನ್ನುವ ಹಿರಿಯ ಇರುತ್ತಾನೆ, ಹೆಸರು ಸರಿಯಾಗಿ ಬಿತ್ತೋ ಇಲ್ಲವೋ ಅಂತ ಅವನ ಕಿವಿಯೇ ಹೇಳಬೇಕು.

ಹೆಸರು ಬದಲಾಯಿಸಬಹುದೇ ಅಂತ ಕೇಳುವುದಕ್ಕೆ ನಾನೇ ದೇಮವ್ವನ ಮನೆಗೆ ಹೋದೆ. ಅವಳು ಹಗ್ಗ ಹೊಸೆಯುತ್ತಿದ್ದಳು. ನಾರು ಬಿಟ್ಟುಕೊಡುತ್ತಾ ಹಿಂದಕ್ಕೆ ನಡೆಯುವ ಕೆಲಸ ಅದು, ಆ ಮನೆಯವರ ಕಾಲಿಗೆ ಅದೇ ರೂಢಿ. ನನ್ನನ್ನು ಕೂರಿಸಿ ಮಜ್ಜಿಗೆ ಕೊಟ್ಟಳು, ಬಾಗಿಲ ಬಳೆ ಗಟ್ಟಿಯಾಗಿ ಹಿಡಿದುಕೊಂಡಳು.

"ನಿನಗೆ ಗಂಡ ಬೇಕು, ನನಗೆ ಮಗ ಬೇಕು. ಹೆಸರು ಹೋದ್ರೆ ಅವನೂ ಹೋಗ್ತಾನೆ ಅಂತ ನನ್ನ ಹೊಟ್ಟೆಯಲ್ಲಿ ಕೂತುಬಿಟ್ಟೈತೆ ಕಣವ್ವ. ಏನ್ ಮಾಡಣ ನೀನೇ ಹೇಳು."

ಮಜ್ಜಿಗೆ ಚೆನ್ನಾಗಿದೆ ಅಂದೆ, ಅಂದು ಅವಳ ಮುಂದಕ್ಕೇ ತೇಲಿಯೂ ಬಿಟ್ಟೆ.

ಹಾಗಾಗಿ ಇರುವ ಹೆಸರಿನಲ್ಲೇ ಅಭ್ಯಾಸ ಶುರುವಾಯಿತು. ತುಂಬುರು ಊರಾಚೆ ನಿಂತು ಕಿನ್ನರಿ ಅನ್ನುತ್ತಿದ್ದ, ಎರಡು ನೆಗೆತಕ್ಕೆ ನನ್ನ ಮೂಗಿನ ಮುಂದೆ. ನಾನು ತುಂಬುರು ಅನ್ನುತ್ತಿದ್ದೆ, ಮೂರು ನೆಗೆತಕ್ಕೆ ಅಷ್ಟು ದೂರ. ಮೆಲ್ಲಗೆ ಅಂದರೂ ಅವನ ಬೆರಳತುದಿ ಸಿಗುತ್ತಿರಲಿಲ್ಲ. ಒಂದು ದಿನ ಇಬ್ಬರಿಗೂ ಹಟ ಹತ್ತಿತು. ಕಿನ್ನರಿ, ತುಂಬುರು, ಕಿನ್ನರಿ, ತುಂಬುರು ಅಂತ ಕೂಗಿಕೊಳ್ಳುತ್ತಾ ಬಯಲು ದಾಟಿದೆವು, ಕೆರೆ ಏರಿ ದಾಟಿದೆವು, ಯಾರದೋ ಒಣಹಾಕಿದ ಸೀರೆಯನ್ನು ನಾನು ಬೆನ್ನಿನಲ್ಲಿ ಹೊತ್ತುಕೊಂಡು ಹೋದೆ, ಅವನು ಅದರ ಸೆರಗು ಹಿಡಿಯಲು ಬಂದ. ಸಂತೆಯವರು ಮಡಕೆಗಳನ್ನು ಎತ್ತಿಟ್ಟುಕೊಂಡರು. ಎಣ್ಣೆ ಗಾಣದ ಎತ್ತು ನಮ್ಮನ್ನು ನೋಡಿ ನಿಂತುಬಿಟ್ಟಿತು. ಕೊನೆಗೆ ನಾನು ಹಿಂದುಹಿಂದಾಗಿ ಹೋಗಿ ಯಾರದೋ ಹೆಂಚಿನ ಮಾಡಿನ ಮೇಲೆ ಕೂತೆ, ಅವನೂ ಬಂದು ಇಳಿದ. ಉಸಿರು ಕಟ್ಟುವಷ್ಟು ನಗು. ನಗುವಿನಲ್ಲಿ ಬರೀ ಹಹಹ ಇರುವುದರಿಂದ ಮಾಡಿಗೆ ಭಾರ ಜಾಸ್ತಿಯಾಗಿ ಎರಡು ಹೆಂಚು ಒಡೆದವು.

ನಕ್ಕು ಮುಗಿದ ಮೇಲೆ ಒಡೆದ ಹೆಂಚುಗಳನ್ನು ಜೋಡಿಸಿಟ್ಟೆವು. ಕೈಗೆ ಕೈ ಸಿಗುವುದಿಲ್ಲ ಅನ್ನುವುದು ಇಬ್ಬರಿಗೂ ಗೊತ್ತಾಗಿತ್ತು. ಅವನು ನನ್ನ ಮುಖ ಬಾಡಿದ್ದು ನೋಡಿ, ಚಿಕ್ಕ ಮಕ್ಕಳಿಗೆ ಮಾಡುವ ಹಾಗೆ ನನ್ನ ಎರಡೂ ಕೆನ್ನೆ ಒತ್ತಿ ಹಿಡಿದ. ತುಟಿ ಮೀನಿನ ಬಾಯಿಯ ಹಾಗೆ ಗುಂಡಗಾಯಿತು. ಬಿಡೋ ಇಲ್ಲಿ ಅನ್ನಹೊರಟೆ. ಇಲ್ಲಿ ಅನ್ನುವ ಮಾತು ಬಾಯಿಂದ ಹೊರಗೆ ಬರುವಾಗ ಇನ್ನೇನೋ ಆಗಿತ್ತು, ಉಲ್ಲು ಅಂದ ಹಾಗೆ ಕೇಳಿಸಿತು. ಆದರೆ ನಾನು ಹಿಂದಕ್ಕೆ ಹೋಗಲಿಲ್ಲ. ಮುಂದಕ್ಕೆ ನೆಗೆದು ಅವನ ಹಣೆಗೆ ಢಿಕ್ಕಿ ಹೊಡೆದೆ.

ಹಣೆ ಉಜ್ಜಿಕೊಳ್ಳುತ್ತಾ ಒಬ್ಬರನ್ನೊಬ್ಬರು ನೋಡಿದೆವು. ಇನ್ನೊಮ್ಮೆ ಅನ್ನು ಅಂದ. ಕೆನ್ನೆ ಹಿಡಿ ಅಂದೆ. ಇನ್ನೊಮ್ಮೆ ಢಿಕ್ಕಿ.

ನಾಲಿಗೆಮನೆಗೆ ಓಡಿದೆ. ಇದ್ದಿಲು ಕಲಸಿ ನನ್ನ ನಾಲಿಗೆಗೆ ನಾನೇ ಬಳಿದುಕೊಂಡೆ, ನಾಲಿಗೆಯನ್ನು ಈ ಇರುವಲ್ಲಿ ಇಟ್ಟು ತುಟಿಯನ್ನು ಮಾತ್ರ ಊದುವ ಹಾಗೆ ದುಂಡಗೆ ಮಾಡಿ ಸದ್ದು ಬಿಟ್ಟೆ. ಅಂಗುಳ ನೋಡಿದರೆ ಪಕ್ಕಗಳೆರಡೂ ಮುಂದಿನವರೆಗೆ ಕಪ್ಪು, ನಡುವೆ ಓಣಿ. ಚೊಕ್ಕ ಈ. ಕನ್ನಡಿಯಲ್ಲಿ ತುಟಿ ನೋಡಿದರೆ ಚೊಕ್ಕ ಊ. ಇಷ್ಟು ಬಾಯಿಗಳನ್ನು ನೋಡಿದವಳಿಗೆ ಇದು ಹೊಳೆದಿರಲಿಲ್ಲವಲ್ಲ. ಊ ಅಂದರೆ ತುಟಿ ದುಂಡಗಾಗುವುದು ಅಂತ ನಾವೆಲ್ಲ ನಂಬಿದ್ದೆವು, ತುಟಿಯೂ ನಾಲಿಗೆಯೂ ಯಾವಾಗಲೂ ಜೊತೆಗೇ ಹೋಗುತ್ತಿದ್ದವು, ಗಂಡ ಹೆಂಡತಿ ಸಂತೆಗೆ ಹೋದ ಹಾಗೆ. ಬೇರೆ ಬೇರೆ ಕಳಿಸಿ ಯಾರೂ ನೋಡಿರಲಿಲ್ಲ. ಮೈಗೆ ತುಟಿಯ ಹಂಗಿಲ್ಲ, ಅದು ನಾಲಿಗೆಯನ್ನು ಮಾತ್ರ ಹಿಂಬಾಲಿಸುತ್ತದೆ.

ಅಜ್ಜಿಗೆ ಕೇಳಿಸಿದೆ. ಅವಳು ಕಣ್ಣು ಮುಚ್ಚಿಕೊಂಡು ಮತ್ತೆ ಮತ್ತೆ ಹೇಳಿಸಿದಳು. ಊಗೂ ಈಗೂ ಹುಟ್ಟಿದ ಮಗು ಇದು, ಮುಖ ಅಪ್ಪನ ಹಾಗೆ, ನಡಿಗೆ ಅವ್ವನ ಹಾಗೆ ಅಂದಳು. ಕಿವಿಯಯ್ಯ ಇದನ್ನು ಒಪ್ಪುತ್ತಾನಾ ಅಂತ ಕೇಳಿದೆ. ಒಪ್ಪದೇ ಇದ್ರೆ ಅವನ ಮನೇಲಿ ಊಟ ಮಾಡಿಕೊಂಡು ಬರೋಣ ನಡಿ ಅಂದಳು. ಅಜ್ಜಿಯ ಧೈರ್ಯವೇ ಹಾಗೆ, ಅದರಿಂದ ಏನೂ ಗೊತ್ತಾಗುವುದಿಲ್ಲ.

ಮದುವೆಯ ದಿನ ಬಯಲಿನ ತುಂಬ ಜನ. ಎಲ್ಲರ ಕೊಕ್ಕೆಯೂ ಗೂಟದಲ್ಲಿತ್ತು, ನಮ್ಮಿಬ್ಬರದು ಮಾತ್ರ ಬಿಚ್ಚಿತ್ತು. ನಾವು ಕೈಗೆ ಕೈ ಸಿಗದ ಜೋಡಿ ಅಂತ ಊರಿಗೆಲ್ಲ ಗೊತ್ತಿತ್ತು, ಅದಕ್ಕೇ ಅಷ್ಟು ಜನ. ಕಿವಿಯಯ್ಯ ಕಿವಿಯಿಂದ ಹತ್ತಿ ತೆಗೆದು ಜೇಬಿಗೆ ಹಾಕಿಕೊಂಡ. ದೇಮವ್ವ ಮುಂದಿನ ಸಾಲಿನಲ್ಲಿ ಗೂಟ ಹಿಡಿದು ನಿಂತಿದ್ದಳು.

ತುಂಬುರು ಕಿನ್ನರಿ ಅಂದ. ಎರಡು ನೆಗೆತಕ್ಕೆ ಬಂದು ನನ್ನ ಮುಂದೆ ಇಳಿದ. ನಾನು ತುಟಿ ದುಂಡಗೆ ಮಾಡಿಕೊಂಡೆ. ನಾಲಿಗೆ ಹೆದರಿ ಹಿಂದಕ್ಕೆ ಓಡಲು ನೋಡಿತು, ಹುಟ್ಟಿದಾಗಿನಿಂದ ಅದಕ್ಕೆ ಅದೇ ಪಾಠ. ಹಲ್ಲಿನ ಬುಡಕ್ಕೆ ಒತ್ತಿ ಹಿಡಿದುಕೊಂಡೆ, ಜೋರಾಗಿ ಕೂಗಿದೆ. ನಾನು ಮುಂದಕ್ಕೆ ಹೋದೆ. ಎಷ್ಟು ಮುಂದಕ್ಕೆ ಅಂದರೆ ಅವನನ್ನು ಕೆಡವಿ, ಅವನ ಮೇಲೆ ದಾಟಿ, ಹುಲ್ಲಿನ ಮೇಲೆ ಬಿದ್ದೆ. ತಿರುಗಿ ಕೈ ಚಾಚಿದೆ. ಮಲಗಿದ್ದಲ್ಲಿಂದಲೇ ಅವನೂ ಚಾಚಿದ. ಕೈಗೆ ಕೈ ಸಿಕ್ಕಿತು. ಅವನ ಅಂಗೈ ಹಗ್ಗ ಹೊಸೆದು ಹೊಸೆದು ಒರಟಾಗಿತ್ತು.

ಕಿವಿಯಯ್ಯ ತಲೆ ಓರೆ ಮಾಡಿ ನಿಂತಿದ್ದ, ಸದ್ದು ಇನ್ನೂ ಕಿವಿಯೊಳಗೆ ಓಡಾಡುತ್ತಿದೆಯೋ ಅನ್ನುವ ಹಾಗೆ.

"ಹೆಸರಿನ ಹಾಗೇ ಐತೆ, ಆದ್ರೆ ಹೆಸರು ಹೌದೋ ಅಲ್ಲವೋ ನನ್ನ ಕಿವಿಗೆ ತೀರ್ಮಾನ ಆಗ್ತಿಲ್ಲ," ಅಂದ. "ಇಟ್ಟವರೇ ಹೇಳಲಿ. ದೇಮವ್ವ, ನೀನಿಟ್ಟ ಹೆಸರು ಇದೇನಾ?"

ದೇಮವ್ವ ಕೊಕ್ಕೆ ಬಿಚ್ಚಿಕೊಂಡು ನಮ್ಮ ಹತ್ತಿರ ನಡೆದು ಬಂದಳು. ಮುಖ ಸುಣ್ಣದ ಹಾಗಿತ್ತು. ಅವಳು ನೋಡಿದ್ದು ನಮ್ಮ ಕೈಗಳನ್ನಲ್ಲ. ಮಗನ ಹೆಸರು ಹಿಡಿದು ಒಬ್ಬರು ಮುಂದಕ್ಕೆ ಬರಬಹುದು ಅನ್ನುವುದನ್ನು ಅವಳು ಆಗಷ್ಟೇ ನೋಡಿದ್ದಳು. ನನ್ನ ಪಕ್ಕ ಕೂತು, ಯಾರಿಗೂ ಕೇಳಿಸದ ಹಾಗೆ ಕೇಳಿದಳು.

"ನೀನು ಕಲಿತಿದ್ದನ್ನ ಅವನೂ ಕಲಿತಾನಲ್ಲವ್ವ. ಜವರಾಯ."

ನಾನು ಇದನ್ನು ಯೋಚಿಸಿರಲಿಲ್ಲ. ಕೈ ಬಿಡಿಸಿಕೊಂಡು ಎದ್ದು ಹೋಗಬೇಕು ಅನ್ನಿಸಿತು ಒಂದು ಕ್ಷಣ. ಆಗ ಮನಸ್ಸಿನಲ್ಲಿ ಜವರಾಯನೇ ಬಂದು ನಿಂತ, ಅಜ್ಜಿಯ ಕಥೆಗಳಲ್ಲಿ ಬರುತ್ತಿದ್ದವನು. ಅವನು ಹಾಗಿದ್ದ ಅಂತ ಅಜ್ಜಿ ಹೇಳಿದ್ದಳೋ, ಆ ಗಳಿಗೆಯಲ್ಲಿ ನಾನೇ ಕಟ್ಟಿಕೊಂಡೆನೋ, ಈಗಲೂ ಗೊತ್ತಿಲ್ಲ.

"ಅವನಿಗೆ ತುಟಿ ಇಲ್ಲ ಅತ್ತೆ," ಅಂದೆ. "ಬರೀ ಹಲ್ಲು. ಈ ಸದ್ದಿಗೆ ತುಟಿ ದುಂಡಗಾಗಲೇಬೇಕು. ನೀವೇ ಬೇಕಾದರೆ ನೋಡಿ."

ಹಿಂದಿನಿಂದ ಅಜ್ಜಿ, ಹೌದು, ನಾನೇ ಹೇಳಿದ್ದೆ, ತುಟಿ ಇದ್ದಿದ್ರೆ ಅವನಿಗೂ ಯಾರಾದ್ರೂ ಹೆಣ್ಣು ಕೊಡ್ತಿದ್ರು ಅಂದಳು, ಗೋಧಿ ಬೆಲೆ ಹೇಳುವ ದನಿಯಲ್ಲಿ.

ದೇಮವ್ವ ನಂಬಿದಳು ಅಂತ ಹೇಳಲಾರೆ. ಅವಳು ನನ್ನಿಂದ ಕೇಳಿ ಕೇಳಿ ನಾಲಿಗೆಯನ್ನು ಮುಂದಿಟ್ಟುಕೊಂಡಳು. ಎರಡು ಬೆರಳುಗಳಿಂದ ತುಟಿಗಳನ್ನು ಪಕ್ಕಕ್ಕೆ ಎಳೆದು ಹಲ್ಲು ಬಿಟ್ಟುಕೊಂಡು, ಜವರಾಯನ ಹಾಗೆ, ಮಗನ ಹೆಸರು ಹೇಳಿದಳು. ತಿಯಿರಿ, ಅಂತ ಬಂತು, ಅವಳು ಕೂತಲ್ಲೇ ಗೇಣುದ್ದ ಮುಂದಕ್ಕೆ ಜಾರಿದಳು. ಮಕಾರ ಬಕಾರ ಎರಡೂ ಗಾಳಿಯಾಗಿ ಹೋಗಿದ್ದವು. ಇನ್ನೊಮ್ಮೆ ಹೇಳಿದಳು. ತಿಯಿರಿ. ಸುತ್ತ ನೋಡಿದಳು. ಯಾರೂ ಓ ಅನ್ನಲಿಲ್ಲ. ಆ ಹೆಸರಿನವರು ನಮ್ಮೂರಲ್ಲಿ ಒಬ್ಬರೂ ಇಲ್ಲ, ಜವರಾಯ ಬಂದು ಎಷ್ಟು ಕೂಗಿದರೂ ಬರಿಗೈಯಲ್ಲಿ ನಿಲ್ಲಬೇಕು. ಆ ಲೆಕ್ಕದಲ್ಲಿ ಹೆಸರಿನಲ್ಲಿ ಮ, ಬ ಇರುವವರೆಲ್ಲ ಚಿರಂಜೀವಿಗಳಾಗಬೇಕಿತ್ತಲ್ಲ ಅಂತ ಕಿವಿಯಯ್ಯ ಕೇಳಬಹುದಿತ್ತು. ಪುಣ್ಯಕ್ಕೆ ಅವನಿಗೆ ಹೊಳೆಯಲಿಲ್ಲ.

ದೇಮವ್ವ ತುಟಿಯಿಂದ ಬೆರಳು ತೆಗೆದಳು. ಮಗನನ್ನು ನೋಡಿದಳು, ನೋಡುತ್ತಲೇ ಕಿವಿಯಯ್ಯನಿಗೆ ಉತ್ತರ ಕೊಟ್ಟಳು.

"ಇದೇ ನಾನಿಟ್ಟ ಹೆಸರು. ಹೇಳೋಕೆ ನನಗೇ ಸರಿಯಾಗಿ ಬರ್ತಿರಲಿಲ್ಲ."

ಕಿವಿಯಯ್ಯ ಜನರ ಕಡೆ ತಿರುಗಿ ಎಲ್ಲರಿಗೂ ಒಪ್ಪಿಗೆಯೇ ಅಂತ ಕೇಳಿದ. ಜನ ಆಗಲೇ ಕೊಕ್ಕೆ ಬಿಚ್ಚಿಕೊಂಡು ನಮ್ಮ ಸುತ್ತ ಮುತ್ತಿಕೊಂಡಿದ್ದರು. ಇಡೀ ಊರು ಒಂದೇ ದನಿಯಲ್ಲಿ ಹೂಂ ಅಂದಿತು. ಅಂದದ್ದೇ ತಡ, ಎಲ್ಲರೂ ನೆಲ ಬಿಟ್ಟು ಎದ್ದರು, ಹೂವು ಅರಳಿದ ಹಾಗೆ ನಾಲ್ಕೂ ಕಡೆಗೆ ಹಿಂದಕ್ಕೆ ತೇಲಿದರು. ಬಾಳೆಹಣ್ಣಿನವಳು, ಕುಂಬಾರರು, ಮೇಷ್ಟ್ರು, ಕಿವಿಯಯ್ಯ, ಕೆರೆ ಏರಿಯ ಮೇಲೆ ಅಜ್ಜಿ. ಬಯಲು ಅಗಲವಾಗುತ್ತಾ ಹೋಯಿತು, ನಡುವೆ ನಾವಿಬ್ಬರೂ ಕೈ ಹಿಡಿದುಕೊಂಡು ಹುಲ್ಲಿನ ಮೇಲೆ ಕೂತಿದ್ದೆವು.

ದೇಮವ್ವ ಮಾತ್ರ ಹೂಂ ಅನ್ನಲಿಲ್ಲ. ಅವಳು ಸ್ವಲ್ಪ ದೂರ ನಡೆದು ಹೋಗಿ, ನಿಂತು, ಮಗನ ಕಡೆ ಮುಖ ಮಾಡಿದಳು. ತುಟಿ ದುಂಡಗೆ ಮಾಡಿದಳು. ಮೊದಲನೆಯ ಸಲ ನಾಲಿಗೆ ತಪ್ಪಿ ಹಿಂದಕ್ಕೆ ಹೋದಳು. ಎರಡನೆಯ ಸಲ ಒಂದಿಷ್ಟು ಮುಂದಕ್ಕೆ ಬಂದಳು, ಮತ್ತೆ ಜಾರಿದಳು. ತುಂಬುರು ಇನ್ನೊಂದು ಕೈ ಚಾಚಿ, ಅವಳ ಮುಖವನ್ನೇ ನೋಡುತ್ತಾ ಕೂತಿದ್ದ. ನಮಗೆ ಯಾವ ಅವಸರವೂ ಇರಲಿಲ್ಲ.